ದಾರದಿಂದ ಕತ್ತರಿಸಿದ ಸೋಪು

ಮಾರ್ಚ್ ೧೨, ಗುರುವಾರ. ನಿಘಂಟು ಕಚೇರಿ, ಎರಡನೆಯ ಮಹಡಿ, ಊಟದ ವಿರಾಮ. ಅಮ್ಮ ಆರೋಗ್ಯವಾಗಿದ್ದಾಳೆ. ನಿನ್ನ ಮಗಳ ಮದುವೆಗೆ ಇನ್ನು ಹದಿನೆಂಟು ದಿನ.

ಪ್ರೀತಿಯ ಅಕ್ಕನಿಗೆ,

ನಿನ್ನ ಕರೆಯೋಲೆ ಸೋಮವಾರ ತಲುಪಿತು. ಕಾಗದ ದಪ್ಪವಾಗಿದೆ, ಅಂಚು ನೇರವಾಗಿದೆ. ಅಪ್ಪ ಇದ್ದಿದ್ದರೆ ಒಳಗೇನು ಬರೆದಿದೆ ಎಂದು ನೋಡುವ ಮೊದಲು ಆ ಅಂಚನ್ನು ಹೆಬ್ಬೆರಳಲ್ಲಿ ಸವರಿ, ಕತ್ತರಿಸಿದವರು ಯಾರು ಎಂದು ಕೇಳುತ್ತಿದ್ದರು. ಹಿಂಬದಿಯಲ್ಲಿ ನೀನು ಪೆನ್ಸಿಲಿನಲ್ಲಿ ಬರೆದ ಸಾಲನ್ನೂ ಓದಿದೆ. "ನೀನೊಬ್ಬಳೇ ಬಾ. ಯಾಕೆ ಅಂತ ನಿನಗೆ ಗೊತ್ತು."

ಗೊತ್ತು ಅಕ್ಕ. ನಿನಗೆ ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತು. ಅದನ್ನು ಹೇಳುವುದಕ್ಕೇ ಈ ಕಾಗದ. ಆದರೆ ನೇರವಾಗಿ ಅಲ್ಲಿಗೆ ಹೋಗಲು ನನ್ನಿಂದ ಆಗುತ್ತಿಲ್ಲ. ನೀನು ಬಟ್ಟೆಗೆ ಕತ್ತರಿ ಹಾಕುವ ಮೊದಲು ನಾಲ್ಕು ಸಲ ಅಳೆಯುತ್ತೀಯಲ್ಲ, ಹಾಗೆ ನಾನೂ ಸ್ವಲ್ಪ ಸುತ್ತಾಡಿ ಬರುತ್ತೇನೆ. ಸಹಿಸಿಕೋ.

ನನ್ನ ಕೆಲಸವನ್ನು ನೀನು ಯಾವಾಗಲೂ ಗೇಲಿ ಮಾಡುತ್ತಿದ್ದೆ. ಒಂದು ಅಕ್ಷರಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಸಂಬಳ ಬೇರೆ ಕೊಡುತ್ತಾರಾ ಎನ್ನುತ್ತಿದ್ದೆ. ನಾನು ಸೇರಿದಾಗ ಕಚೇರಿ 'ಕ'ದಲ್ಲಿತ್ತು. ಹತ್ತೊಂಬತ್ತು ವರ್ಷ ಕಳೆದು ಈಗ 'ಮ'ಕ್ಕೆ ಬಂದಿದ್ದೇವೆ. ನಮ್ಮ ಸಂಪಾದಕರು ಮಾತಾಡುವಾಗ ಎರಡು ಮೂರು ಪದಕ್ಕೊಮ್ಮೆ ನಿಲ್ಲುತ್ತಾರೆ. ಹಾಗಾಗಿ ಅವರಿಗೆ ನಾವಿಟ್ಟ ಹೆಸರು ಅಲ್ಪವಿರಾಮ. ನಿನ್ನ ಕರೆಯೋಲೆ ಬಂದ ದಿನವೇ ಅವರು ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಿಮಗೆ, ಮಿತವ್ಯಯ, ನೀವೇ ಬರೀಬೇಕು, ನಿಮ್ಮ ಮನೇಲಿ, ಇದರ ಕಾರ್ಖಾನೇನೇ, ಇದೆಯಲ್ಲ" ಎಂದರು.

ಪೆಟ್ಟಿಗೆಯಲ್ಲಿ ಅರವತ್ತೆರಡು ಚೀಟಿಗಳು. ಒಂದೊಂದರಲ್ಲೂ ಆ ಪದ ಬಂದಿರುವ ಒಂದೊಂದು ವಾಕ್ಯ. ಪುಸ್ತಕದಿಂದ, ಪತ್ರಿಕೆಯಿಂದ, ನಲ್ಲಿಯ ಮೇಲೆ ಅಂಟಿಸಿದ ಫಲಕದಿಂದ ಯಾರೋ ಎತ್ತಿ ಬರೆದದ್ದು. ನೀರಿನ ಮಿತವ್ಯಯ. ಎಣ್ಣೆಯ ಮಿತವ್ಯಯ. ಮಾತಿನಲ್ಲಿ ಮಿತವ್ಯಯ ಪಾಲಿಸುತ್ತೇನೆಂದು ಶುರುಮಾಡಿ ಒಂದು ಗಂಟೆ ಮಾತಾಡಿದ ಒಬ್ಬ ಮಹನೀಯರ ವರದಿ. ಇವನ್ನೆಲ್ಲ ಅರ್ಥದ ಪ್ರಕಾರ ಗುಂಪು ಮಾಡಬೇಕು. ಆಮೇಲೆ ಉಳಿತಾಯದಿಂದ ಇದು ಹೇಗೆ ಬೇರೆ, ಜಿಪುಣತನದಿಂದ ಹೇಗೆ ಬೇರೆ ಎಂದು ಎರಡು ಸಾಲಿನಲ್ಲಿ ಹೇಳಬೇಕು. ಜನ ಬಳಸುವಾಗ ಆ ಗೆರೆ ಒಂದು ಕಡೆ ನಿಲ್ಲುವುದೇ ಇಲ್ಲ. ನಾವು ಮಾಡಿದರೆ ಮಿತವ್ಯಯ, ಪಕ್ಕದ ಮನೆಯವರು ಮಾಡಿದರೆ ಜಿಪುಣತನ. ಅಷ್ಟೇ ಬರೆದು ಮುಗಿಸಲಾ ಎಂದು ಕೇಳಿದೆ. ಅಲ್ಪವಿರಾಮರು ನಗಲಿಲ್ಲ.

'ಜಿಪುಣ' ಎಂಬ ಪದವನ್ನು ಬರೆದವಳೂ ನಾನೇ. ಹತ್ತು ವರ್ಷದ ಹಿಂದೆ, 'ಜ' ಸಂಪುಟದಲ್ಲಿ. ಆ ಪುಟವನ್ನು ನಕಲು ಮಾಡಿ ನಿನಗೆ ಕಳಿಸಿದ್ದೆ. ನೀನು ಅದನ್ನು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಅಂಟಿಸಿಕೊಂಡಿದ್ದೇನೆ ಎಂದು ಬರೆದಿದ್ದೆ. ಬಳಕೆಗೆ ಉದಾಹರಣೆಯಾಗಿ ನಾನು ಕೊಟ್ಟಿದ್ದ ವಾಕ್ಯ ನಿನಗೆ ಬಾಯಿಪಾಠ ಇರಬೇಕು: "ಆಕೆ ಎಂಥ ಜಿಪುಣಿಯೆಂದರೆ ಸೋಪನ್ನೂ ದಾರದಿಂದ ಎರಡು ಮಾಡಿ ಅರ್ಧ ಎತ್ತಿಡುತ್ತಿದ್ದಳು."

ಅಮ್ಮನೂ ಅದನ್ನು ಓದಿದಳು. ಸಂಪುಟ ಮನೆಗೆ ಬಂದ ದಿನ ಕನ್ನಡಕ ಹಾಕಿಕೊಂಡು, ನಾನು ಬರೆದ ಪದಗಳನ್ನೆಲ್ಲ ಬೆರಳಿಟ್ಟು ಹುಡುಕುತ್ತ ಕೂತಿದ್ದಳು. ಆ ವಾಕ್ಯಕ್ಕೆ ಬಂದಾಗ ಬೆರಳು ನಿಂತಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ದಾರದಲ್ಲಿ ಕತ್ತರಿಸೋದು ಜಿಪುಣತನ ಅಲ್ಲ ಕಣೇ, ಚಾಕು ಹಾಕಿದರೆ ಪುಡಿ ಉದುರುತ್ತೆ, ಅದಕ್ಕೆ" ಎಂದಳು. ಅಷ್ಟೇ. ಪುಟ ತಿರುಗಿಸಿದಳು.

ಗಂಟೆ ಬಾರಿಸಿದರು. ಉಳಿದದ್ದು ಮನೆಯಲ್ಲಿ ಬರೆಯುತ್ತೇನೆ.

ಶನಿವಾರ, ಮಧ್ಯಾಹ್ನ, ಮನೆ.

ಮೇಲಿನದನ್ನು ಮತ್ತೆ ಓದಿದೆ. ಇನ್ನೂ ಸುತ್ತುತ್ತಲೇ ಇದ್ದೇನೆ. ಆದರೆ ನಮ್ಮ ಮನೆ ಹೇಗಿತ್ತು ಎಂದು ಒಮ್ಮೆ ನಾವಿಬ್ಬರೂ ಕೂತು ನೆನಪು ಮಾಡಿಕೊಳ್ಳದೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ.

ಅಪ್ಪ ಪುಸ್ತಕ ಬೈಂಡ್ ಮಾಡುವವರು. ದೊಡ್ಡ ಹಾಳೆಯಿಂದ ಪುಟ ಕತ್ತರಿಸಿದ ಮೇಲೆ ಉಳಿಯುವ ಪಟ್ಟಿಗಳನ್ನು ಮನೆಗೆ ತರುತ್ತಿದ್ದರು. ನಾವು ಅದರಲ್ಲೇ ಲೆಕ್ಕ ಮಾಡಿದ್ದು, ಚಿತ್ರ ಬರೆದದ್ದು. ಹಾಗಾಗಿ ನೀನು ಬರೆದ ಮನುಷ್ಯರೆಲ್ಲ ಉದ್ದಕ್ಕೆ ತೆಳ್ಳಗೆ ಇರುತ್ತಿದ್ದರು. ಅಮ್ಮ ಹೋಟೆಲಿನ ಲಾಂಡ್ರಿಯಲ್ಲಿ ಬೆಳಗ್ಗೆ ಐದರಿಂದ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮನೆಗೆ ಬಂದು ನಮ್ಮದನ್ನೂ ಮಾಡುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದ ಮೇಲೆ ಉಳಿದ ಬಿಸಿಯಲ್ಲಿ ಕರವಸ್ತ್ರಗಳು. ಅದಕ್ಕೆಂದೇ ಕರವಸ್ತ್ರ ಕೊನೆಗೆ. ಈಗಲೂ ಹಾಗೆಯೇ.

ಸೋಪು ಅರ್ಧ, ಬೆಂಕಿಪೆಟ್ಟಿಗೆಯ ಕಡ್ಡಿ ಸೀಳಿ ಅರ್ಧ, ಪೆನ್ಸಿಲು ಇಬ್ಬರಿಗೆ ಅರ್ಧರ್ಧ. "ಅರ್ಧದಲ್ಲಿ ಆಗೋದಕ್ಕೆ ಪೂರ್ತಿ ಯಾಕೆ" ಎಂದು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದರು. ನಾನು ಮೂರು ವರ್ಷದವಳಾಗಿದ್ದಾಗ ಅಂಗಿಯ ಗುಂಡಿ ನುಂಗಿದ್ದು, ಅಮ್ಮ ಎರಡು ದಿನ ಕಾದು, ಅದನ್ನು ತೊಳೆದು ಕುದಿಸಿ ಅದೇ ಅಂಗಿಗೆ ಹೊಲಿದದ್ದು ನಿನ್ನ ಮೆಚ್ಚಿನ ಕಥೆ. ಅಂದಿನಿಂದ ನೀನು ನನ್ನನ್ನು ಗುಂಡಿ ಎಂದೇ ಕರೆದೆ. ಶಾಲೆಯಲ್ಲಿ ಎಲ್ಲರಿಗೂ ಆ ಕಥೆ ಹೇಳಿ ನನ್ನ ಮಾನ ತೆಗೆದೆ. ನೀನು ಟೈಲರ್ ಆದದ್ದು ಆ ಮನೆಯ ಮೇಲಿನ ಸಿಟ್ಟಿಗೆ ಎಂದು ನನಗೆ ಅನ್ನಿಸುತ್ತದೆ. ನಿನ್ನ ಹೊಲಿಗೆಯಲ್ಲಿ ಅಂಚಿಗೆ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿರುತ್ತೀಯ. ಗಿರಾಕಿಗಳು ಬೇಡ ಎಂದರೂ ಬಿಡುತ್ತೀಯ.

ಆದರೆ ಒಂದು ನೆನಪಿಟ್ಟುಕೋ. ನಮ್ಮಿಬ್ಬರ ಹೊಟ್ಟೆಗೆ ಅವರು ಎಂದೂ ಅರ್ಧ ಮಾಡಲಿಲ್ಲ. ನಿನಗೆ ಜ್ವರ ಬಂದು ಹದಿನಾಲ್ಕು ದಿನ ಮಲಗಿದ್ದಾಗ ಡಾಕ್ಟರು ಹೇಳಿದ ಔಷಧಿ, ಹೇಳಿದ ಹಾಲು, ಹೇಳಿದ ಹೊತ್ತಿಗೆ ಬಂತು. ಅಮ್ಮ ಆಗ ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ನೀನು ಒಮ್ಮೆಯೂ ಅದನ್ನು ಯೋಚಿಸಲಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಯೋಚಿಸದಿರಲಿ ಎಂದೂ ಆಸೆ ಪಡುತ್ತಿದ್ದೆ.

ಈಗ ಇನ್ನೊಂದು ವಿಷಯ. ಕರೆಯೋಲೆ ಬಂದ ಸಂಜೆ ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದಳು. ಹಿಂಬದಿಯನ್ನೂ ನೋಡಿದಳು. ಮಾರನೆಯ ದಿನ ನಾನು ಕಚೇರಿಯಿಂದ ಬಂದಾಗ ಮಂಚದ ಮೇಲೆ ಆ ನೀಲಿ ಬಟ್ಟೆ ಹರಡಿತ್ತು. ನಿನಗೆ ನೆನಪಿದೆಯಾ? ನೀನು ಹುಟ್ಟಿದ ದಿನ ಅಪ್ಪ ಅಮ್ಮನಿಗೆ ತಂದದ್ದು, ಐದು ಗಜ. ಅವಳು ಅದನ್ನು ಹೊಲಿಸಿಕೊಳ್ಳಲೂ ಇಲ್ಲ, ಕತ್ತರಿಸಲೂ ಇಲ್ಲ. ವರ್ಷಕ್ಕೊಂದು ಸಲ ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಾಯಿಸಿ, ಮತ್ತೆ ಪೆಟ್ಟಿಗೆಯ ತಳಕ್ಕೆ. ಆ ಮನೆಯಲ್ಲಿ ಪೂರ್ತಿಯಾಗಿ ಇದ್ದದ್ದು ಅದೊಂದೇ ಎಂದು ನೀನೇ ತಮಾಷೆ ಮಾಡುತ್ತಿದ್ದೆ. ನಲವತ್ತಾರು ವರ್ಷವಾದರೂ ಬಣ್ಣ ಮಾಸಿಲ್ಲ ಅಕ್ಕ.

"ಇದನ್ನ ಹುಡುಗಿಗೆ ಕಳಿಸು. ಅವಳ ಅಮ್ಮ ಹೊಲೀತಾಳೆ. ಸಮಯ ಬೇಕಾಗುತ್ತೆ, ಬೇಗ ಕಳಿಸು" ಎಂದಳು. ನಾನು ಸರಿ ಎಂದೆ. ಆಮೇಲೆ, "ನಾನು ಕೊಟ್ಟಿದ್ದು ಅನ್ನಬೇಡ. ನಿಮ್ಮಕ್ಕ ಇದನ್ನ ನೋಡಿದ್ದು ಚಿಕ್ಕವಳಾಗಿದ್ದಾಗ, ಗುರುತು ಸಿಗಲ್ಲ. ನೀನೇ ಅಂಗಡಿಯಲ್ಲಿ ತಂದೆ ಅನ್ನು. ನಂದು ಅಂತ ಗೊತ್ತಾದರೆ ಅವಳು ಕತ್ತರಿ ಹಾಕಲ್ಲ. ಒಳ್ಳೇ ಬಟ್ಟೆ ದಂಡ ಆಗುತ್ತೆ."

ಗುರುತು ಸಿಗುವುದಿಲ್ಲವಂತೆ. ನಿನಗೆ! ಒಂದು ಚೂರು ನೋಡಿ ಯಾರ ಮನೆಯ ಪರದೆ ಎಂದು ಹೇಳುವವಳಿಗೆ. ಅಮ್ಮನಿಗೂ ಅದು ಗೊತ್ತಿರಬೇಕು ಎಂದು ನನಗೆ ಆಮೇಲೆ ಹೊಳೆಯಿತು. ಆದರೂ ಹಾಗೆ ಹೇಳಿದಳು.

ಅವಳು ಬಟ್ಟೆಯನ್ನು ಮಡಿಸುವಾಗ ಒಂದು ತುದಿ ನಾನು ಹಿಡಿದಿದ್ದೆ. ನಾವಿಬ್ಬರೂ ಹೆಜ್ಜೆ ಹಾಕಿ ಹತ್ತಿರ ಬಂದು, ತುದಿಗೆ ತುದಿ ಸೇರಿಸಿ, ದೂರ ಹೋಗಿ, ಮತ್ತೆ ಹತ್ತಿರ ಬಂದೆವು. ಮೂರು ಸಲ ಹತ್ತಿರ ಬಂದಾಗಲೂ ಅವಳು ನನ್ನ ಮುಖ ನೋಡಲಿಲ್ಲ. ಆಗಲೇ ಈ ಕಾಗದ ಬರೆಯಬೇಕು ಎಂದು ನಿರ್ಧರಿಸಿದೆ.

ಭಾನುವಾರ, ಮಧ್ಯಾಹ್ನ ಮೂರು ಗಂಟೆ.

ಇನ್ನು ಸುತ್ತುವುದಿಲ್ಲ.

ಅಪ್ಪ ಹೋದ ಮೂರನೆಯ ದಿನ ನೀನು ಅಡುಗೆಮನೆಯಲ್ಲಿ ಟೀ ಪುಡಿ ಹುಡುಕುತ್ತ ಒಂದು ತಗಡಿನ ಡಬ್ಬಿ ತೆರೆದೆ. ಒಳಗೆ ಹೃದಯದ ಮಾತ್ರೆಗಳು, ಎಲ್ಲವೂ ಎರಡು ಹೋಳಾದವು. ನೀನು ಎಣಿಸಿದೆ. ಹದಿನೈದು ಅರ್ಧಗಳು. ದಿನಕ್ಕೊಂದು ಪೂರ್ತಿ ಮಾತ್ರೆ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ನೀನು ಡಬ್ಬಿಯನ್ನು ಎತ್ತಿ ಹಿಡಿದು, "ಇದು ಯಾರ ಕೆಲಸ?" ಎಂದೆ. ನಿನ್ನ ಐದು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಈಗ ಮದುವೆಯಾಗುತ್ತಿರುವವಳು.

ನಾನು ಬಾಯಿ ತೆರೆದೆ. ಅದು ನಿಜ, ತೆರೆದೆ. ಅಷ್ಟರಲ್ಲಿ ಅಮ್ಮ "ನಾನೇ" ಎಂದಳು. ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದಳು, ಹಾಗೆನ್ನುವಾಗ ಹಿಂತಿರುಗಿ ನೋಡಲಿಲ್ಲ.

"ಅಪ್ಪನ ಆಯುಷ್ಯಾನೂ ಅರ್ಧ ಮಾಡಿ ಎತ್ತಿಟ್ಟೆಯಲ್ಲ. ಯಾರಿಗೆ ಉಳಿಸಿದೆ ಅದನ್ನ? ನೀನು ತಿನ್ನು ಈಗ" ಎಂದೆ ನೀನು. ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ಅಂದೇ ಮಧ್ಯಾಹ್ನದ ಬಸ್ಸಿಗೆ ಹೊರಟೆ. ಮತ್ತೆ ಆ ಬಾಗಿಲು ದಾಟಲಿಲ್ಲ.

ಆ ಮಾತ್ರೆಗಳನ್ನು ಕತ್ತರಿಸಿದವಳು ನಾನು.

ನೋಡು, ಬರೆದಾಯಿತು. ಒಂದೇ ಸಾಲು. ಹತ್ತೊಂಬತ್ತು ವರ್ಷ ಅದಕ್ಕೆ ಬೇಕಾಗಿರಲಿಲ್ಲ.

ಆ ದಿನ ನೀನು ಹೋಳುಗಳನ್ನು ಎಣಿಸಿದೆ, ಅವುಗಳ ಅಂಚನ್ನು ನೋಡಲಿಲ್ಲ. ಅಮ್ಮ ಏನನ್ನು ಕತ್ತರಿಸಿದರೂ ದಾರದಿಂದ. ಸೋಪು, ಬೇಯಿಸಿದ ಮೊಟ್ಟೆ, ಬೆಣ್ಣೆ. ಅವಳಿಗೆ ಚಾಕುವಿನ ಮೇಲೆ ನಂಬಿಕೆಯೇ ಇಲ್ಲ. ಅಷ್ಟು ಚಿಕ್ಕ, ಗಟ್ಟಿ ಮಾತ್ರೆ ದಾರಕ್ಕೆ ಬಗ್ಗುವುದಿಲ್ಲ. ಅವು ಅಪ್ಪನ ತೆಳು ಚಾಕುವಿನಲ್ಲಿ, ಚರ್ಮದ ಅಂಚು ಕೆರೆದು ತೆಳ್ಳಗೆ ಮಾಡುವ ಚಾಕುವಿನಲ್ಲಿ, ನಡು ಗೆರೆಯ ಮೇಲೆ ಒಂದೇ ಏಟಿಗೆ ಆದ ಹೋಳುಗಳು. ಒಂದರ ಅಂಚೂ ಒಡೆದಿರಲಿಲ್ಲ. ಹಾಗೆ ಕತ್ತರಿಸಲು ಅಪ್ಪ ಕಲಿಸಿದ್ದು ನನಗೆ ಮಾತ್ರ. ಅಂಚು ಚೆನ್ನಾಗಿ ಬಂತಲ್ಲ ಎಂದು ಕತ್ತರಿಸಿದ ಆ ಭಾನುವಾರ ನನಗೆ ಹೆಮ್ಮೆಯೂ ಆಗಿತ್ತು. ಇದನ್ನು ಬರೆಯಬೇಕಾಗಿರಲಿಲ್ಲ, ಆದರೆ ನಿಜ. ಇಪ್ಪತ್ತೆಂಟು ಮಾತ್ರೆ, ಐವತ್ತಾರು ಹೋಳು. ಅಪ್ಪ ನಲವತ್ತೊಂದು ತಿಂದಿದ್ದರು.

ಅಮ್ಮನಿಗೆ ಅದು ಅಡುಗೆಮನೆಯಲ್ಲಿ ನೀನು ಡಬ್ಬಿ ತೆರೆದ ಕ್ಷಣದವರೆಗೂ ಗೊತ್ತಿರಲಿಲ್ಲ. ಅವಳು ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಡುತ್ತಿದ್ದಳು, ಮಾತ್ರೆ ಕೊಡುವುದು ನನ್ನ ಕೆಲಸವಾಗಿತ್ತು. ಒಂದು ಸಲ ಡಬ್ಬಿಯ ಕಡೆ ತಿರುಗಿ ನೋಡಿದಳು, ಅಂಚು ನೋಡಿದಳು, ಮತ್ತೆ ಲೋಟದ ಕಡೆ ತಿರುಗಿದಳು. ಆಮೇಲೆ "ನಾನೇ" ಎಂದಳು. ಎಷ್ಟು ಹೊತ್ತು ಹಿಡಿಯಿತು ಅದಕ್ಕೆ? ಒಂದು ಲೋಟ ತೊಳೆಯುವಷ್ಟೂ ಇಲ್ಲ.

ಯಾಕೆ ಮಾಡಿದೆ ಎಂದು ನೀನು ಕೇಳುತ್ತೀಯ. ನಮ್ಮ ಮನೆಯ ಅಭ್ಯಾಸ, ಕೈಗೆ ಅದೇ ಬಂತು ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಅದು ಅರ್ಧ ನಿಜ ಕೂಡ ಅಲ್ಲ. ಆ ಮಾತ್ರೆಗಳು ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತಿದ್ದವು. ಕೊಡುತ್ತಿದ್ದದ್ದು ನಾಲ್ಕು ವಾರಕ್ಕೊಮ್ಮೆ, ಗುರುವಾರ ಮಾತ್ರ. ಆರು ಗಂಟೆಗೆ ಸಾಲಿನಲ್ಲಿ ನಿಂತರೆ ಹನ್ನೊಂದಕ್ಕೆ ಕಿಟಕಿ. ನಾನು ಆಗಷ್ಟೇ ಕಚೇರಿಗೆ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ಗುರುವಾರ ತಡವಾಗಿ ಬಂದಾಗ ಅಲ್ಪವಿರಾಮರು ಗೋಡೆಯ ಗಡಿಯಾರ ನೋಡಿದ್ದರು. ಮಾತ್ರೆ ಅರ್ಧ ಮಾಡಿದರೆ ಎಂಟು ವಾರ ಬರುತ್ತದೆ, ಒಂದು ಗುರುವಾರ ಉಳಿಯುತ್ತದೆ ಎಂದುಕೊಂಡೆ. ನಾನು ಉಳಿಸಿದ್ದು ಅದು, ಅಕ್ಕ. ಒಂದು ಬೆಳಗ್ಗೆ.

ರಜೆ ಕೊಡುತ್ತಿರಲಿಲ್ಲ ಎಂದು ಬರೆಯಲು ಹೊರಟೆ, ತಡೆದೆ. ನಾನು ಕೇಳಲೇ ಇಲ್ಲ. ಆಮೇಲೆ ತಿಳಿಯಿತು, ಅವರು ಗಡಿಯಾರ ನೋಡುತ್ತಿದ್ದದ್ದು ಅದು ನಿಂತುಹೋಗಿದ್ದರಿಂದ ಎಂದು.

ಅರ್ಧ ತಿಂದರೂ ಅಪ್ಪನಿಗೆ ಏನೂ ಆಗುತ್ತಿರಲಿಲ್ಲವೇನೋ, ಪೂರ್ತಿ ತಿಂದಿದ್ದರೂ ಉಳಿಯುತ್ತಿರಲಿಲ್ಲವೇನೋ. ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಆ ಮಾತಿನ ಕೆಳಗೆ ನಾನು ಎಷ್ಟೋ ವರ್ಷ ನಿಂತುಕೊಂಡಿದ್ದೆ. ಇನ್ನು ನಿಲ್ಲುವುದಿಲ್ಲ. ಹೋದ ದಿನ ಅಪ್ಪ, ಕಟ್ಟಿದ ಪುಸ್ತಕಗಳನ್ನು ಒತ್ತಿಹಿಡಿಯುವ ಕಬ್ಬಿಣದ ಯಂತ್ರದ ಚಕ್ರ ತಿರುಗಿಸುತ್ತಿದ್ದರು. ಡಾಕ್ಟರು ಖಂಡಿತ ಬೇಡ ಎಂದಿದ್ದ ಕೆಲಸ. ಮೂರು ತಿಂಗಳಿಂದ ಬರೀ ಹೊಲಿಗೆ, ಅಂಟು, ಕೂತು ಮಾಡುವ ಕೆಲಸ ಮಾಡಿಕೊಂಡಿದ್ದವರು ಮತ್ತೆ ಯಂತ್ರಕ್ಕೆ ಯಾಕೆ ಕೈ ಹಾಕಿದರು ಎಂದು ನೀನು ಎಲ್ಲರನ್ನೂ ಕೇಳಿದೆ. ಬೈಂಡಿಂಗ್ ಅಂಗಡಿಯವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ ಎಂದೆ. ಮಾತ್ರೆ ಅರ್ಧವಾಗಿದ್ದನ್ನು ಅವರು ಗಮನಿಸಿರಲೇ ಇಲ್ಲ ಎಂದು ಕಾಣುತ್ತದೆ.

ಅಮ್ಮ ಈ ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಒಂದು ಮಾತು ಕೇಳಿಲ್ಲ. ಎರಡು ಕೋಣೆಯ ಮನೆ, ಒಂದೇ ಮೇಜಿನಲ್ಲಿ ಊಟ. ನಿನ್ನ ಪತ್ರ ಬಂದರೆ ಓದಿ ಹೇಳು ಎನ್ನುತ್ತಾಳೆ. ಓದಿ ಹೇಳುತ್ತೇನೆ. ಅವಳ ಹೆಸರೇ ಇಲ್ಲದ ಪತ್ರಗಳು. ನಡುವೆ ನಾನೇ ಒಂದು ಸಾಲು ಸೇರಿಸಿ, "ಅಮ್ಮನ ಮೊಣಕಾಲು ನೋವು ಹೇಗಿದೆ ಅಂತ ಕೇಳಿದ್ದಾಳೆ" ಎಂದು ಓದುತ್ತಿದ್ದೆ. ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ನಂಬಿದಳೋ ಇಲ್ಲವೋ. ಒಮ್ಮೆ ಮಾತ್ರ, "ಅವಳ ಅಕ್ಷರ ನಾನು ಓದಬಲ್ಲೆ ಗುಂಡಿ, ನಿನಗೆ ಯಾಕೆ ಶ್ರಮ" ಎಂದಳು. ಆದರೂ ಮುಂದಿನ ಸಲ ಮತ್ತೆ ನನ್ನ ಕೈಗೇ ಕೊಟ್ಟಳು.

ನೀನು ಅವಳನ್ನು ಜಿಪುಣಿ ಎಂದೆ, ನಾನು ಅದನ್ನು ಅಚ್ಚು ಹಾಕಿಸಿದೆ. ನಿನ್ನ ಸಿಟ್ಟಿಗೆ ಕಾರಣವಿತ್ತು. ನನಗೆ ಏನಿತ್ತು? ಆ ವಾಕ್ಯ ಪುಸ್ತಕದಲ್ಲಿ ಬಂದರೆ ಆ ಸುಳ್ಳು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ನನ್ನೊಳಗೆ ಎಲ್ಲೋ ಲೆಕ್ಕ ಇದ್ದಿರಬೇಕು.

ಆ ಅರವತ್ತೆರಡು ಚೀಟಿಗಳಿಗೆ ಮತ್ತೆ ಬರುತ್ತೇನೆ, ಸ್ವಲ್ಪವೇ. ಮಿತ ಎಂದರೆ ಕಡಿಮೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಹಳೆಯ ಅರ್ಥ ನೋಡಿದರೆ ಹಾಗಲ್ಲ, ಅಳೆದದ್ದು ಎಂದು. ಕಡಿಮೆ ಎಂಬ ಅರ್ಥ ಆಮೇಲೆ ಬಂದು ಸೇರಿಕೊಂಡದ್ದು. ಅಳೆದು ಕೊಡುವುದು, ಅಳೆದು ತೆಗೆದುಕೊಳ್ಳುವುದು. ಅಪ್ಪನ ಕಾಗದ ಹಾಗಿತ್ತು, ಅಮ್ಮನ ಸೋಪು ಹಾಗಿತ್ತು, ನಿನ್ನ ಜ್ವರದ ಹಾಲು ಕೂಡ ಹಾಗೇ ಇತ್ತು. ಆ ಮಾತ್ರೆಯ ಅಳತೆ ದಿನಕ್ಕೆ ಒಂದು. ಆ ಅಳತೆಯನ್ನು ಮುರಿದವಳು ಆ ಮನೆಯಲ್ಲಿ ನಾನೊಬ್ಬಳೇ. ಶುಕ್ರವಾರ ಬರೆದುಕೊಟ್ಟ ಚೀಟಿಯಲ್ಲಿ ಹೀಗೆ ಹಾಕಿದೆ: "ಬೇಕಾದುದನ್ನು ಅಳೆದು, ಅಷ್ಟನ್ನೇ, ಆದರೆ ಅಷ್ಟನ್ನು ಪೂರ್ತಿಯಾಗಿ ಬಳಸುವುದು." ಸೋಪಿನ ವಾಕ್ಯವನ್ನು 'ಜ'ದಿಂದ ತೆಗೆದುಹಾಕಲು ತಿದ್ದುಪಡಿಯ ಪಟ್ಟಿಗೆ ಸೇರಿಸಿದೆ. ಅಲ್ಪವಿರಾಮರು ಓದಿ, "ಯಾಕೆ, ಒಳ್ಳೇ ವಾಕ್ಯ, ಆಗಿತ್ತಲ್ಲ" ಎಂದರು. ತಪ್ಪು ಉದಾಹರಣೆ ಎಂದೆ. ನೀನು ಯಂತ್ರದ ಮೇಲೆ ಅಂಟಿಸಿಕೊಂಡಿರುವುದನ್ನು ತೆಗೆಯಲು ನಾನು ಹೇಳುವುದಿಲ್ಲ. ಅದು ನಿನಗೆ ಬಿಟ್ಟದ್ದು.

ನಾನು ಕೇಳುವುದು ಒಂದೇ. ಕರೆಯೋಲೆಯಲ್ಲಿ ಒಬ್ಬರಿಗೆ ಜಾಗ ಇದೆ ಎಂದಿದ್ದೀಯ. ಆ ಜಾಗ ಅಮ್ಮನಿಗೆ ಕೊಡು. ನನ್ನನ್ನು ನೋಡಲು ನಿನಗೆ ಮನಸ್ಸು ಬರುವವರೆಗೆ ನಾನು ಬರುವುದಿಲ್ಲ. ಬಾರದೇ ಹೋದರೂ ನಿನ್ನನ್ನು ದೂರುವುದಿಲ್ಲ. ಅವಳನ್ನು ಬಸ್ಸಿಗೆ ಹತ್ತಿಸಿ ಬರುತ್ತೇನೆ. ಕಿಟಕಿಯ ಪಕ್ಕದ ಸೀಟು ಬೇಕು ಅವಳಿಗೆ, ಬಲಗಡೆ. ಇಳಿಯುವಾಗ ಮೆಟ್ಟಿಲಿಗೆ ಒಂದು ಕೈ ಕೊಡು.

ನೀಲಿ ಬಟ್ಟೆ ಈ ಕಾಗದದ ಜೊತೆಗೇ ಇದೆ. ಅದು ಅಂಗಡಿಯದಲ್ಲ. ಕತ್ತರಿ ಹಾಕು ಅಕ್ಕ. ಅಂಚಿಗೆ ಎರಡು ಬೆರಳು ಧಾರಾಳವಾಗಿ ಬಿಡು. ಐದು ಗಜ ಇದೆ.

ಇಂತಿ,
ನಿನ್ನ ತಂಗಿ,
ಗುಂಡಿ

ಮತ್ತೆ ಬರೆದದ್ದು: ಸಹಿ ಹಾಕಿ ಲಕೋಟೆಗೆ ತುಂಬುವಾಗ ಕೈ ನಿಂತಿತು. ಇಷ್ಟೆಲ್ಲ ಬರೆದೂ ಒಂದು ಕಡೆ ಮತ್ತೆ ಅರ್ಧ ಹೇಳಿದ್ದೇನೆ. ಅಪ್ಪ ಗಮನಿಸಿರಲೇ ಇಲ್ಲ ಎಂದು ಕಾಣುತ್ತದೆ ಎಂದು ಬರೆದೆ. ಅದು ಸುಳ್ಳು. ಮೊದಲ ದಿನವೇ ಅಂಗೈಯಲ್ಲಿ ಅರ್ಧ ಮಾತ್ರೆ ನೋಡಿ, "ಇದೇನು ಗುಂಡಿ, ನಮ್ಮ ಮನೆಗೆ ಬಂದ ಮೇಲೆ ಇದೂ ಅರ್ಧ ಆಯ್ತಾ?" ಎಂದು ನಕ್ಕರು. ನಾನು, "ಡಾಕ್ಟರು ಇನ್ನು ಅರ್ಧ ಸಾಕು ಅಂದಿದ್ದಾರೆ ಅಪ್ಪ" ಎಂದೆ. ಅವರು ಆ ಹೋಳನ್ನು ಬೆಳಕಿಗೆ ಹಿಡಿದು ಅಂಚು ನೋಡಿದರು. "ಹಾಗಾದರೆ ಗುಣ ಆಗ್ತಾ ಇದೆ ಅನ್ನು" ಎಂದರು. ಎಷ್ಟು ಸಂತೋಷಪಟ್ಟರು ಗೊತ್ತಾ ಅಕ್ಕ. ಆ ವಾರದಿಂದಲೇ ಮತ್ತೆ ಯಂತ್ರದ ಚಕ್ರಕ್ಕೆ ಕೈ ಹಾಕಿದರು. ನೀನು ಎಲ್ಲರನ್ನೂ ಕೇಳಿದ ಪ್ರಶ್ನೆಗೆ ಉತ್ತರ ಅದು. ಇದು ಅಮ್ಮನಿಗೂ ಗೊತ್ತಿಲ್ಲ.

ಹಾಗಾಗಿ ಲಕೋಟೆ ಇನ್ನೂ ಅಂಟಿಸಿಲ್ಲ. ಮೊದಲು ಇದನ್ನು ಅಮ್ಮನಿಗೆ ಓದಿ ಹೇಳುತ್ತೇನೆ, ಈ ಸಲ ಒಂದು ಸಾಲೂ ಸೇರಿಸದೆ, ಒಂದು ಸಾಲೂ ಬಿಡದೆ. ಬೇಡ, ಇಷ್ಟು ವರ್ಷ ಕಾಪಾಡಿದ್ದನ್ನು ದಂಡ ಮಾಡಬೇಡ ಎಂದು ಅವಳು ಅಂದೇ ಅನ್ನುತ್ತಾಳೆ. ಏನೇ ಅಂದರೂ ನಾಳೆ ಅಂಚೆ ಕಚೇರಿಯ ಬಾಗಿಲು ತೆರೆಯುವಾಗ ನಾನು ಅಲ್ಲಿರುತ್ತೇನೆ. ಕಚೇರಿಗೆ ತಡವಾಗುತ್ತದೆ, ಆಗಲಿ. ಈಗ ಅವಳು ಆಚೆ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಾಳೆ. ಸ್ವಿಚ್ಚು ಆರಿಸಿದ ಸದ್ದು ಕೇಳಿಸಿತು. ಇನ್ನು ಕರವಸ್ತ್ರಗಳು ಮಾತ್ರ. ಅವು ಮುಗಿದ ಮೇಲೆ ಕರೆಯುತ್ತೇನೆ.